ಕಡಿಮೆ ಒತ್ತಿದವನು

“ಕಣ್ಣು ಕಾಣಂಗಿಲ್ಲ ಅಂದ್ಕಂಡಿಯೇನಲೇ ನನಗ? ನನ್ನ ಎದುರಿಗೇ ‘ಕಡಿಮೆ’ ಒತ್ತಿದಿ! ಒತ್ತಿದ ಕೂಡ್ಲೇ ತೂಕ ಇಳೀತು! ಮ್ಯಾಲ ಧರ್ಮಕಾಟಾ ಅಂತ ಬೋರ್ಡ್ ಬ್ಯಾರೆ. ಥೂ!”

ಬೆಳುಗುಪ್ಪದ ದೊಡ್ಡಮಲ್ಲಪ್ಪ ತೂಕದ ಕೋಣೆಯ ಕಿಟಕಿಯ ಸರಳು ಹಿಡಿದು ಕಿತ್ತೇ ಹಾಕುವವನಂತೆ ಜಗ್ಗುತ್ತಿದ್ದ. ಅವನ ಬೆನ್ನ ಹಿಂದೆ, ಕಾಟಾದ ಕಬ್ಬಿಣದ ಹಲಗೆಯ ಮೇಲೆ, ಶೇಂಗಾ ಚೀಲ ಹೇರಿಕೊಂಡ ಅವನ ಟ್ರ್ಯಾಕ್ಟರು ಗಡಗಡ ಅನ್ನುತ್ತ ನಿಂತಿತ್ತು. ಒಳಗೆ ಕಂಪ್ಯೂಟರಿನ ಮುಂದೆ ಕೂತಿದ್ದ ಹನುಮಂತು, ಮೌಸಿನ ಮೇಲಿಟ್ಟ ಕೈಯನ್ನು ತೆಗೆಯಲೂ ಆರದೆ ಇಡಲೂ ಆರದೆ ಕಣ್ಣು ಕಣ್ಣು ಬಿಡುತ್ತಿದ್ದ.

ಪಕ್ಕದ ಗೋಣಿಚೀಲದ ಅಂಗಡಿಯಲ್ಲಿದ್ದ ಚಂದ್ರಶೇಖರಯ್ಯನಿಗೆ ಮಿಕ್ಕದ್ದೇನೂ ಸರಿಯಾಗಿ ಕೇಳಿಸದಿದ್ದರೂ ‘ಥೂ’ ಅನ್ನುವುದು ಮಾತ್ರ ಕಿವಿಗೆ ರಾಚಿತು. ಅಂಗಡಿಯೂ ಅವನದೇ, ಕಾಟಾವೂ ಅವನದೇ. ರಾಯದುರ್ಗದಲ್ಲಿ ಲಾರಿ, ಟ್ರ್ಯಾಕ್ಟರು ತೂಗುವ ಕಾಟಾಗಳು ಬೇರೆಯೂ ಇವೆ. ಆದರೆ ಬಳ್ಳಾರಿ ರಸ್ತೆಯ ಅಯ್ನೋರ ಕಾಟಾದ ಚೀಟಿ ಅಂದರೆ ಕೊಡುವವನೂ ಎರಡನೇ ಮಾತಾಡುತ್ತಿರಲಿಲ್ಲ, ಕೊಳ್ಳುವವನೂ ಎರಡನೇ ಮಾತಾಡುತ್ತಿರಲಿಲ್ಲ. ಆ ಹೆಸರೊಂದನ್ನು ಬಿಟ್ಟರೆ ತನ್ನ ಹತ್ತಿರ ಇನ್ನೇನೂ ಇಲ್ಲ ಅಂತ ಅವನೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅಂಥ ಕಾಟಾದ ಮುಂದೆ ಒಬ್ಬ ಉಗುಳುವುದೆಂದರೇನು? ಪಂಚೆ ಎತ್ತಿ ಕಟ್ಟಿ ಓಡಿ ಬಂದ.

“ಯಾರಲೇ ನನ್ನ ಕಾಟಾದ ಮುಂದ ಉಗುಳಿದ್ದು?”

“ನಾನ್ರಿ! ಸಾಲ್ದು ಅಂದ್ರ ಇನ್ನೊಮ್ಮೆ ಉಗುಳ್ತೀನಿ. ನಿಮ್ಮ ಆಳು ಕಳ್ಳ!”

“ಬಾಯಿಗೆ ಬಂದಂಗ ಮಾತಾಡಬ್ಯಾಡ. ಏನಾತು ಅಂತ ಹೇಳು.”

“ಏನ್ ಹೇಳಾದು? ಖಾಲಿ ಗಾಡಿ ತೂಕ ಎಷ್ಟು ಹಾಕೀಯಪ್ಪ, ತೋರ್ಸು ಅಂದೆ. ಏನೋ ಒತ್ತಿದ. ದೊಡ್ಡ ಅಂಕಿ ಬಂತು. ನಾನು ಕಣ್ಣು ಕಿರಿದು ಮಾಡಿ ಓದಾದ್ರಾಗ ‘ಕಡಿಮೆ’ ಅಂತ ಇದ್ದದ್ದನ್ನ ಒತ್ತಿದ. ದೊಡ್ಡ ಅಂಕಿ ಹೋಗಿ ಅದೇ ಜಾಗದಾಗ ಸಣ್ಣ ಅಂಕಿ ಬಂತು. ನಾನೇನು ಕುರುಡನ?”

ಪರದೆಯನ್ನು ಕಿಟಕಿಯ ಕಡೆಗೆ ತಿರುಗಿಸಿ ಇಡಿಸಿದ್ದವನು ಚಂದ್ರಶೇಖರಯ್ಯನೇ. ಮಾಲು ತಂದವನಿಗೂ ತೂಕ ಕಾಣಲಿ, ಮುಚ್ಚುಮರೆ ಬೇಡ ಅಂತ. ಈಗ ಆ ಪರದೆಯ ಮುಂದೆ ಹಮಾಲರು, ಲಾರಿ ಡ್ರೈವರುಗಳು, ಚಹಾದ ಲೋಟ ಹಿಡಿದವರು ಎಲ್ಲ ಗುಂಪುಗೂಡಿದ್ದರು. ಮಂಡಿ ವ್ಯಾಪಾರಿ ಗಾದಿಲಿಂಗಪ್ಪನೂ ಬೇವಿನ ಮರದ ಕೆಳಗಿನ ಬೆಂಚಿನಿಂದ ಎದ್ದು ಬಂದ. ದೊಡ್ಡಮಲ್ಲಪ್ಪನ ಶೇಂಗಾ ಕೊಳ್ಳುವವನು ಅವನೇ.

“ನೀವೂ ಮಂಡಿಯವ್ರೂ ಕೂಡಿ ಮಾಡಿದ ಆಟ ಇದು,” ಎಂದ ದೊಡ್ಡಮಲ್ಲಪ್ಪ.

“ಏ, ನನ್ನ ಹೆಸರು ಯಾಕ ಎಳೀತಿ?” ಗಾದಿಲಿಂಗಪ್ಪ ರೇಗಿದ. “ಅಯ್ನೋರ, ಇದನ್ನ ಈಗಲೇ ಬಿಡಿಸಿ ಹೇಳ್ರಿ. ಇಲ್ಲಾಂದ್ರ ನಾಳಿಂದ ನನ್ನ ಗಾಡಿ ಯಾವೂ ಈ ಕಾಟಾ ಹತ್ತಂಗಿಲ್ಲ.”

“ಅಣ್ಣಾರ, ಅದು ಗಾಡಿ ಸಮೇತದ ತೂಕ,” ಹನುಮಂತು ಒಳಗಿನಿಂದಲೇ ಹೇಳಲು ನೋಡಿದ. “ಇದು ಬರೀ ಮಾಲಿಂದು. ಎರಡೂ ಬ್ಯಾರೆ—”

“ಹಂಗಾದ್ರ ಅಲ್ಲಿ ‘ಕಡಿಮೆ’ ಅಂತ ಯಾಕ ಬರದೈತಿ?”

ಕೇಳಿದವನು ಗಾದಿಲಿಂಗಪ್ಪ. ಎಲ್ಲರೂ ಚಂದ್ರಶೇಖರಯ್ಯನ ಮುಖ ನೋಡಿದರು. ಚಂದ್ರಶೇಖರಯ್ಯ ಪರದೆ ನೋಡಿದ. ಅಲ್ಲಿ ಬೆರಳು ದಪ್ಪದ ಅಕ್ಷರದಲ್ಲಿ ‘ಹೆಚ್ಚು’ ಅಂತ ಇತ್ತು.

“ಹೆಚ್ಚು ಅಂತ ಐತಲ್ಲ?”

“ಈಗ ಹಂಗ ಆಗೈತ್ರಿ. ಆವಾಗ ಕಡಿಮೆ ಇತ್ತು,” ಎಂದ ದೊಡ್ಡಮಲ್ಲಪ್ಪ. “ಕಳ್ಳಂದು ಅಕ್ಷರನೂ ಬದಲಾಗ್ತಾವು.”

ಹಿಂದೆ ನಿಂತಿದ್ದ ಹಮಾಲನೊಬ್ಬ, “ಹೆಚ್ಚು ಅಂದ್ರ ಉಳ್ಳಾಗಡ್ಡಿ ಹೆಚ್ಚಾದೇನ್ರಿ?” ಅಂದ. ನಾಲ್ಕು ಜನ ನಕ್ಕರು. ಆ ನಗು ಚಂದ್ರಶೇಖರಯ್ಯನ ನೆತ್ತಿಗೆ ಏರಿತು. ಅವನಿಗೆ ಸಿಟ್ಟು ಬಂದರೆ ಎದುರಿಗೆ ಯಾರಿದ್ದಾರೆ ಅಂತ ಕಾಣುವುದಿಲ್ಲ. ಹತ್ತಿರ ಇದ್ದವರ ಮೇಲೆ ಹಾಯುತ್ತಾನೆ, ಅಷ್ಟೆ. ಹತ್ತಿರ ಇದ್ದವನು ಹನುಮಂತು.

“ಹನುಮಂತು! ನಿಜ ಹೇಳು. ಕಡಿಮೆ ಒತ್ತಿದ್ಯಾ?”

“ಒತ್ತಿದೆ ಅಯ್ನೋರ.”

“ಯಾಕ ಒತ್ತಿದಿ?”

“ದಿನಾ ಒತ್ತತೀನಲ್ರಿ. ಒತ್ತಲಿಲ್ಲಂದ್ರ ಅದು ಮುಚ್ಚಂಗಿಲ್ಲ.”

ಗಾದಿಲಿಂಗಪ್ಪ ನಿಧಾನವಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಕೇಳಿದ್ರೇನಪ್ಪ? ದಿನಾ ಕಡಿಮೆ ಒತ್ತತಾನಂತ.”

ಇನ್ನು ಯಾರ ಬಾಯಿ ಹಿಡಿಯುವುದು? ದಿನಾ ಅಂತೆ, ದಿನಾ ಅಂತೆ ಅನ್ನುವುದು ಚಹಾದಂಗಡಿ ದಾಟಿ ಪಂಕ್ಚರಿನ ಅಂಗಡಿ ಮುಟ್ಟಿತು. ಹನುಮಂತು ಎದ್ದು ನಿಂತು ಏನೋ ಹೇಳಲು ಬಾಯಿ ತೆರೆದ. ಚಂದ್ರಶೇಖರಯ್ಯ ಬಿಡಲಿಲ್ಲ.

“ನೀನು ಮೊದ್ಲು ಆ ಕುರ್ಚಿ ಬಿಡು. ಹೊರಗ ಹೋಗಿ ಕುಂದ್ರು. ಆ ಕಂಪ್ಯೂಟರಿನ ಪ್ರೋಗ್ರಾಮ್ ಮಾಡಿದಾಕಿ ಬಂದು ಹೇಳಾತನ ಒಳಗ ಕಾಲಿಡಬ್ಯಾಡ.”

ಡಿ. ಹಿರೇಹಾಳಿನ ಹನುಮಂತು, ಹಳೇ ಕಾಟಾ ಇದ್ದ ಕಾಲದಿಂದ ಆ ಕುರ್ಚಿಯಲ್ಲಿ ಕೂತವನು. ಆಗ ಗುಂಡು ಸರಿಸಿ ತೂಗಿ ಕೈಯಲ್ಲೇ ಚೀಟಿ ಬರೆಯುತ್ತಿದ್ದ. ಅವನು ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತ. ಬೆಂಚಿನ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತ. ಹಮಾಲರು ಅವನ ಪಕ್ಕದಿಂದ ಒಬ್ಬೊಬ್ಬರೇ ಎದ್ದು ಹೋದರು.

ದೊಡ್ಡಮಲ್ಲಪ್ಪ ಆಗಲೇ ಹೊಡೆದಿದ್ದ ಚೀಟಿಯನ್ನು ಜೇಬಿಗೆ ಹಾಕಿಕೊಂಡ, ಮಾಲು ಇಳಿಸಲಿಲ್ಲ. “ಆಕಿ ಬರ್ಲಿ, ನಾನೂ ಬರ್ತೀನಿ,” ಅಂತ ಟ್ರ್ಯಾಕ್ಟರನ್ನು ಗಾದಿಲಿಂಗಪ್ಪನ ಗೋದಾಮಿನ ಮುಂದೆ ನಿಲ್ಲಿಸಿ, ಅದರ ಮೇಲೇ ಕಂಬಳಿ ಹಾಸಿದ.

ಆವತ್ತಿನ ಉಳಿದ ಗಾಡಿಗಳನ್ನು ತಾನೇ ತೂಗುತ್ತೇನೆಂದು ಚಂದ್ರಶೇಖರಯ್ಯ ಕುರ್ಚಿಯಲ್ಲಿ ಕೂತ. ಅದೇನು ದೊಡ್ಡ ವಿದ್ಯೆ? ಗಾಡಿ ಹಲಗೆ ಹತ್ತಿದರೆ ಅಂಕಿ ಬರುತ್ತದೆ, ಚೀಟಿ ಹೊಡೆದರೆ ಮುಗಿಯಿತು. ಹಳ್ಳಿ ಶಾಲೆಯಲ್ಲಿ ಕಲಿತ ಲೆಕ್ಕ ಅವನಿಗೆ ಇವತ್ತಿಗೂ ಬಾಯಲ್ಲೇ ಇದೆ.

ಮೊದಲ ಲಾರಿ ಹತ್ತಿತು. ಪರದೆಯ ನಡುವೆ ಚಿಕ್ಕದೊಂದು ಚೌಕ ಎದ್ದು ಬಂತು. ಅದರಲ್ಲಿ ಗಾಡಿ ನಂಬರು, ಒಂದು ಅಂಕಿ, ‘ಚೀಟಿ’ ಅನ್ನುವ ಗುಂಡಿ, ಅದರ ಮೇಲೆ ‘ಹೆಚ್ಚು’ ಅನ್ನುವ ಗುಂಡಿ. ಚಂದ್ರಶೇಖರಯ್ಯ ಆಚೆ ಈಚೆ ನೋಡಿ, ಯಾರೂ ನೋಡುತ್ತಿಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಂಡು ‘ಹೆಚ್ಚು’ ಒತ್ತಿದ. ಚೌಕ ಹಾವಿನ ಹೆಡೆಯಂತೆ ಸರಕ್ಕನೆ ಕೆಳಕ್ಕೆ ಬೆಳೆಯಿತು. ಒಳಗಿಂದ ಏನೇನೋ ಬಂದವು: ಮಾಲು ಯಾವುದು, ಯಾರದ್ದು, ಡ್ರೈವರ್ ಯಾರು, ಮೂರು ಮೂರು ಅಂಕಿ. ‘ಹೆಚ್ಚು’ ಅಂತಿದ್ದ ಗುಂಡಿ ‘ಕಡಿಮೆ’ ಆಗಿತ್ತು. ಮೇಲೆ ಇದ್ದ ಅಂಕಿಯ ಜಾಗದಲ್ಲಿ ಈಗ ಅದಕ್ಕಿಂತ ದೊಡ್ಡ ಅಂಕಿ ಕೂತಿತ್ತು. ಹೆಚ್ಚು ಒತ್ತಿದರೆ ಹೆಚ್ಚಾಯಿತಲ್ಲ! ನಿಜವಾಗಿಯೂ ಹೆಚ್ಚಾಯಿತಲ್ಲ!

ಈಗ ‘ಚೀಟಿ’ ಗುಂಡಿ ಎಲ್ಲಿ? ಅದು ಪರದೆಯ ಕೆಳಗಿನ ಅಂಚು ದಾಟಿ ಎಲ್ಲೋ ಇಳಿದು ಹೋಗಿತ್ತು. ಅವನು ಬಗ್ಗಿ ಮೇಜಿನ ಕೆಳಗೂ ನೋಡಿದ. ತಾನು ಎಲ್ಲಿ ನೋಡುತ್ತಿದ್ದೇನೆಂದು ಗೊತ್ತಾದಾಗ ನಾಚಿಕೆಯಾಗಿ ತಲೆ ಎತ್ತಿದ.

“ಏನ್ ಬಿತ್ತು ಸ್ವಾಮೇರ?” ಲಾರಿ ಡ್ರೈವರ್ ಕಿಟಕಿಯಲ್ಲಿ ಮುಖ ಇಟ್ಟು ಕೇಳಿದ.

“ಏನಿಲ್ಲ. ನೀ ಆಕಡೆ ಸರಿ.”

ಗುಂಡಿ ವಾಪಸು ಬರಬೇಕಾದರೆ ಚೌಕ ಚಿಕ್ಕದಾಗಬೇಕು. ಚಿಕ್ಕದಾಗಬೇಕಾದರೆ ‘ಕಡಿಮೆ’ ಒತ್ತಬೇಕು. ಕಡಿಮೆ ಒತ್ತಿದರೆ ಡ್ರೈವರ್ ನೋಡುತ್ತಾನೆ. ಅವನು ಬೆವರಿದ. ಕೊನೆಗೆ ಎಡಗೈಯಿಂದ ಪರದೆಯ ಆ ಮೂಲೆಯನ್ನು ಮುಚ್ಚಿಕೊಂಡು ಬಲಗೈಯಿಂದ ಒತ್ತಿದ. ಅಂಕಿ ಇಳಿಯಿತು.

“ಕೈ ಯಾಕ ಅಡ್ಡ ಇಟ್ರಿ?” ಎಂದ ಡ್ರೈವರ್.

“ನೊಣ ಕುಂತಿತ್ತು.”

“ನೊಣ ಒಳಗ ಕುಂತೈತೋ ಹೊರಗ ಕುಂತೈತೋ ನೋಡ್ಕಳ್ರಿ,” ಅಂತ ಡ್ರೈವರ್ ನಗುತ್ತ ಚೀಟಿ ತೆಗೆದುಕೊಂಡು ಹೋದ.

ಎರಡನೇ ಗಾಡಿಗೆ ಇನ್ನೊಂದು ತಕರಾರು. ಡ್ರೈವರ್ ಹೋದ ಮೇಲೆ ‘ಹೆಚ್ಚು’ ಇನ್ನೊಮ್ಮೆ ಒತ್ತಿ ನೋಡಿದ್ದ, ಈಗ ಚೌಕ ಮೊದಲೇ ದೊಡ್ಡದಾಗಿ ಎದ್ದು ಬಂತು. ಮೂರನೆಯದಕ್ಕೆ ಚಿಕ್ಕದಾಗಿ. ಯಾವಾಗ ದೊಡ್ಡದು, ಯಾವಾಗ ಚಿಕ್ಕದು, ಅದರ ಮನಸ್ಸಿಗೆ ಬಂದಂತೆ. ಮೂರು ಅಂಕಿಗಳಲ್ಲಿ ಯಾವುದು ದೇವರ ಸಾಕ್ಷಿಯ ಅಂಕಿ, ಯಾವುದು ಗುಂಡಿ ಒತ್ತಿ ಬರಿಸಿದ್ದು ಅಂತ ಅವನಿಗೇ ತಿಳಿಯದಾಯಿತು. ಮಧ್ಯೆ ಒಮ್ಮೆ ತಲೆ ಎತ್ತಿ ಮರದ ಕಡೆ ನೋಡಿದ. ಹನುಮಂತು ಅಲ್ಲೇ ಇದ್ದ. ಕರೆದು ಕೇಳಿದರೆ ಒಂದು ನಿಮಿಷದ ಮಾತು. ಆದರೆ ಕಳ್ಳ ಅಂತ ಹೊರಗೆ ಕೂರಿಸಿದವನನ್ನು ಹೇಗೆ ಕರೆಯುವುದು? ಅಥವಾ ಅವನು ನಿಜವಾಗಿಯೂ ಕಳ್ಳನೇನು? ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ? ದಿನಾ ಒತ್ತತೀನಿ ಅಂದನಲ್ಲ? ಚಂದ್ರಶೇಖರಯ್ಯನ ತಲೆ ಚಿಟ್ಟು ಹಿಡಿಯಿತು. ಫೋನು ತೆಗೆದ.

“ಏನವ್ವಾ ಮೌನಿಕಾ! ಎಂಥಾ ದರಿದ್ರ ಮಾಡಿಕೊಟ್ಟಿ ನನಗ? ನನ್ನ ಮಾನ ಬೀದಿಗ್ ಬಂತು! ನಾಳೆ ಮೊದಲ ಬಸ್ಸಿಗೆ ಬರಲಿಲ್ಲಂದ್ರ ನಿನ್ನ ಕಂಪ್ಯೂಟರನ್ನ ಕಾಟಾದ ಮ್ಯಾಲಿಟ್ಟು ಲಾರಿ ಹತ್ತಿಸ್ತೀನಿ!”

“ಏನಾಯ್ತು ಸಾರ್? ವಸಿ ನಿಧಾನವಾಗಿ ಹೇಳಿ.”

“ನಿಧಾನ ಇಲ್ಲ! ಬಾ!”

ಮೌನಿಕಾ ಮಡಕಶಿರಾದ ಹುಡುಗಿ. ಬಸ್ ಸ್ಟ್ಯಾಂಡಿನ ಹಿಂದೆ ಜೆರಾಕ್ಸ್ ಅಂಗಡಿಯ ಒಂದು ಮೂಲೆ ಹಿಡಿದುಕೊಂಡು, ಅಲ್ಲಿನ ಹುಣಸೆಹಣ್ಣಿನ ಮಂಡಿಗಳಿಗೆ ತೂಕದ ಚೀಟಿ ಹೊಡೆಯುವ ಪ್ರೋಗ್ರಾಮ್ ಬರೆದುಕೊಟ್ಟಿದ್ದಳು. ನೆಂಟರ ಮನೆಗೆ ಹೋದಾಗ ಅದನ್ನು ನೋಡಿದ ಚಂದ್ರಶೇಖರಯ್ಯ, ನನ್ನ ಕಾಟಾಕ್ಕೂ ಅಂಥದ್ದೇ ಬೇಕು, ಆದರೆ ಎಲ್ಲ ಕನ್ನಡದಲ್ಲೇ ಇರಬೇಕು ಅಂತ ಹಟ ಹಿಡಿದಿದ್ದ. ಅವಳು ಓದಿದ್ದು ತೆಲುಗು ಶಾಲೆಯಲ್ಲಿ. ಮನೆಯ ಮಾತು ಕನ್ನಡ, ಬರೆಯುವುದು ತೆಲುಗು. ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಳು.

ಮರುದಿನ ಅವಳು ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಹನುಮಂತು ಎಂದಿನಂತೆ ಹೊತ್ತಿಗೆ ಸರಿಯಾಗಿ ಬಂದು, ಎಂದಿನಂತೆ ಊಟದ ಡಬ್ಬಿ ಕೋಣೆಯ ಕಿಟಕಿಯ ಮೇಲಿಟ್ಟು, ಮರದ ಕೆಳಗೆ ಕೂತಿದ್ದ. ಗಾದಿಲಿಂಗಪ್ಪನೂ ದೊಡ್ಡಮಲ್ಲಪ್ಪನೂ ಚಹಾದಂಗಡಿಯಲ್ಲಿ ಕಾಯುತ್ತಿದ್ದರು. ಮೌನಿಕಾ ಹೆಗಲ ಚೀಲ ಇಳಿಸಿ, ಒಂದು ಲೋಟ ನೀರು ಕುಡಿದು, ಪರದೆಯ ಮುಂದೆ ಕೂತಳು. ಚಂದ್ರಶೇಖರಯ್ಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

“ಹೇಳು. ತೂಕ ಯಾಕ ಹೆಚ್ಚು ಕಡಿಮೆ ಆಗ್ತೈತಿ?”

“ತೂಕ ಎಲ್ಲೂ ಬದಲಾಗಲ್ಲ ಸಾರ್. ಬಿಡಿಸಿದ್ರೆ ಗಾಡಿ ಸಮೇತದ ತೂಕ ಮೊದಲು ಬತ್ತೈತೆ, ಅದರ ಕೆಳಗೆ ಖಾಲಿ ಗಾಡೀದು, ಅದರ ಕೆಳಗೆ ಮಾಲಿಂದು. ಮುಚ್ಚಿದ್ರೆ ಮಾಲಿಂದು ಒಂದೇ ನಿಲ್ತೈತೆ. ಹಂಗಾಗಿ ಮೇಲಿನ ಅಂಕಿ ಬದಲಾದಂಗೆ ಕಾಣ್ತೈತೆ.” ಅವಳು ಒಂದು ಗಳಿಗೆ ತುಟಿ ಕಚ್ಚಿ ಪರದೆ ನೋಡಿದಳು. “ಇದೊಂದು ನನ್ನ ತಪ್ಪೇ. ನೋಡೋ ಕಣ್ಣಿನ ಮುಂದಿರೋ ಅಂಕಿ ಜರುಗಬಾರದಾಗಿತ್ತು. ಮಾಲಿನ ತೂಕ ಮೇಲೆ ಹಂಗೇ ಕೂತಿರಬೇಕು, ಮಿಕ್ಕದ್ದು ಕೆಳಗೆ ಬಿಚ್ಚಿಕೋಬೇಕು. ಈಗ್ಲೇ ಮಾಡ್ತೀನಿ.”

“ಮತ್ತ ಚೀಟಿ ಗುಂಡಿ ಯಾಕ ಓಡಿ ಹೋಗ್ತೈತಿ?”

“ನಿಮ್ಮ ಪರದೆ ಗಿಡ್ಡ ಸಾರ್. ಕಿಟಕಿ ಕೆಳಕ್ಕೆ ಬೆಳೆದ್ರೆ ಗುಂಡೀನೂ ಕೆಳಕ್ಕೆ ಹೋಗ್ತೈತೆ. ಅದನ್ನೂ ಮೇಲಕ್ಕೆ ತರ್ತೀನಿ.”

“ಒಮ್ಮೆ ದೊಡ್ಡದು ಒಮ್ಮೆ ಸಣ್ಣದು ಯಾಕ ಬರ್ತೈತಿ?”

“ಹೋದ ಸಲ ನೀವು ಹೆಂಗೆ ಬಿಟ್ಟಿರ್ತೀರೋ ಹಂಗೇ ಬರ್ತೈತೆ. ನೆನಪಿಟ್ಟುಕೊಳ್ಳೋ ಹಂಗೆ ಮಾಡಿವ್ನಿ.”

“ಅದಕ್ಯಾರು ನೆನಪಿಟ್ಕ ಅಂದ್ರು?” ಎಂದ ಚಂದ್ರಶೇಖರಯ್ಯ. ಉತ್ತರ ಬಂದಷ್ಟೂ ಅವನಿಗೆ ಗೊಂದಲ ಹೆಚ್ಚುತ್ತಿತ್ತು. ಕಿಟಕಿ ಅಂತಾಳೆ, ಗೋಡೆಯ ಕಿಟಕಿ ಇಲ್ಲಿದೆ. ಬಿಡಿಸುವುದು ಅಂತಾಳೆ, ಮುಚ್ಚುವುದು ಅಂತಾಳೆ. ಬಾಗಿಲಲ್ಲ, ಪೆಟ್ಟಿಗೆಯಲ್ಲ, ಕೊಡೆಯಲ್ಲ. “ಅಲ್ಲವ್ವಾ, ತೂಕ ಬದಲಾಗದಿದ್ದರ ‘ಕಡಿಮೆ’ ಅಂತ ಯಾವ ಬುದ್ಧಿಗೇಡಿ ಬರದಿದ್ದು? ತೂಕದ ಮುಂದ ಹೆಚ್ಚು ಕಡಿಮೆ ಅಂತ ಬರದ್ರ ಜನ ಏನ್ ತಿಳ್ಕಂತಾರ? ಕನ್ನಡ ಬರದಿದ್ರ ಬರೋರನ್ನ ಕೇಳಬೇಕಿತ್ತು!”

ಮೌನಿಕಾ ಮೌಸು ಬಿಟ್ಟು ಅವನ ಕಡೆ ತಿರುಗಿದಳು.

“ಕೇಳಿದ್ನಲ್ಲ ಸಾರ್. ನಿಮ್ಮನ್ನೇ ಕೇಳಿದ್ದು.”

“ನನ್ನನ್ನ?”

“ನಾನು ಮೊದಲು ‘ಬಿಡಿಸು, ಮಡಿಸು’ ಅಂತ ಹಾಕಿದ್ದೆ. ಸೀರೆ ಬಿಡಿಸಿದಂಗೆ, ಮಡಿಸಿದಂಗೆ. ಫೋನು ಮಾಡಿ ಹಿಂಗ್ ಹಾಕಿವ್ನಿ ಸಾರ್ ಅಂದೆ. ನೀವು ಏನಂದ್ರಿ? ‘ಅದು ಸೀರಿ ಅಂಗಡಿ ಮಾತು, ನಂದು ಕಾಟಾ. ಚಲೋ ಕನ್ನಡದಾಗ ಹಾಕು’ ಅಂದ್ರಿ. ಇಂಗ್ಲಿಷಿನಾಗೆ ಮೋರ್, ಲೆಸ್ ಅಂತಿರ್ತೈತೆ ಸಾರ್ ಅಂದೆ. ‘ಹಂಗಾದ್ರ ಹೆಚ್ಚು, ಕಡಿಮೆ. ಇಷ್ಟೂ ಗೊತ್ತಿಲ್ಲೇನು?’ ಅಂತ ಬೈದ್ರಿ. ‘ಹೆಚ್ಚು’ ಅನ್ನೋದರ ಸ್ಪೆಲ್ಲಿಂಗೂ ನೀವೇ ಹೇಳಿದ್ರಿ, ‘ಚ’ಕ್ಕೆ ‘ಚ’ ಒತ್ತು ಅಂತ.”

ಚಂದ್ರಶೇಖರಯ್ಯನಿಗೆ ಇಂಥದ್ದೇನೂ ನಡೆದಿಲ್ಲ ಅಂತ ಕೂಗಬೇಕು ಅನ್ನಿಸಿತು. ಬಾಯಿ ತೆರೆದ. ಆದರೆ ಎಲ್ಲಿಂದಲೋ ಗೋಧಿ ಹುಗ್ಗಿಯ ವಾಸನೆ ಬಂತು. ಸೋದರಳಿಯನ ಮದುವೆಯ ಊಟದ ಸಾಲು. ಎಲೆಯ ಮುಂದೆ ಕೂತು ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡಿದ್ದ. ಬಡಿಸುವವನು ಸೌಟು ತುಂಬ ತಂದಿದ್ದ. “ಕಡಿಮೆ ಹಾಕಲೇ, ಕಡಿಮೆ,” ಅಂತ ಅವನಿಗೆ ಹೇಳಿದಾಗ, ಆ ಕಡೆಯಿಂದ ಈ ಹುಡುಗಿ, “ಅದು ನನಗಾ ಸಾರ್, ಹುಗ್ಗಿಗಾ?” ಅಂತ ಕೇಳಿದ್ದಳು. “ಎರಡಕ್ಕೂ!” ಅಂದಿದ್ದ. ಸಾಲಿನವರೆಲ್ಲ ನಕ್ಕಿದ್ದರು.

ಹೌದು. ಅಂದಿದ್ದ.

ಅವನು ಗೋಡೆಯ ಕಿಟಕಿಯ ಕಡೆ ನೋಡಿದ. ಸರಳಿನ ಆಚೆ, ಊಟದ ಡಬ್ಬಿಯ ಪಕ್ಕದಲ್ಲಿ, ಹನುಮಂತು ನಿಂತಿದ್ದ. ಡಬ್ಬಿ ತೆಗೆದುಕೊಳ್ಳಲು ಬಂದವನು ಎಷ್ಟು ಹೊತ್ತಿನಿಂದ ನಿಂತಿದ್ದನೋ. ಏನೂ ಕೇಳಿಸದವನ ಮುಖವಂತೂ ಅದಲ್ಲ.

“ಮೆಲ್ಲಕ ಮಾತಾಡು,” ಎಂದ ಚಂದ್ರಶೇಖರಯ್ಯ ಮೌನಿಕಾಳಿಗೆ. ಇಷ್ಟು ಹೊತ್ತು ಕೂಗಿದ್ದು ತಾನೇ ಅನ್ನುವುದೂ ಅವನಿಗೆ ಹೊಳೆಯಲಿಲ್ಲ.

ಅವಳು ಕೆಲಸಕ್ಕೆ ತೊಡಗಿದಳು. ಅಕ್ಷರಗಳ ಹಿಂಡೊಂದು ಪರದೆಯ ಮೇಲೆ ಹರಿದಾಡಿತು. ಅದು ಕನ್ನಡವೂ ಅಲ್ಲ ತೆಲುಗೂ ಅಲ್ಲ. ಅವನು ಹಿಂದೆ ನಿಂತು, ನೋಡಿದರೆ ತಿಳಿಯುತ್ತದೇನೋ ಅನ್ನುವಂತೆ ನೋಡಿದ. ಕೊನೆಗೆ ಚಿಕ್ಕ ಚೌಕ ಮತ್ತೆ ಎದ್ದಿತು. ಮಾಲಿನ ತೂಕ ಮೇಲೆ ದಪ್ಪಗೆ ಕೂತಿತ್ತು. ಪಕ್ಕದಲ್ಲೇ ‘ಚೀಟಿ’. ಕೆಳಗೆ ‘ಬಿಡಿಸು’. ಒತ್ತಿದಳು. ಚೌಕ ಕೆಳಕ್ಕೆ ಬೆಳೆಯಿತು, ಮೇಲಿನ ಅಂಕಿ ಕದಲಲಿಲ್ಲ, ಚೀಟಿ ಗುಂಡಿ ಓಡಲಿಲ್ಲ. ‘ಮಡಿಸು’ ಒತ್ತಿದಳು. ಚಿಕ್ಕದಾಯಿತು. ಅಂಕಿ ಅಲ್ಲೇ.

“ಸೀರೆ ಮಡಿಸಿದ್ರೆ ಸೀರೆ ಗಿಡ್ಡ ಆಗಲ್ವಲ್ಲ ಸಾರ್. ಇದೂ ಹಂಗೇ.”

ಆಗ ಮೊದಲ ಬಾರಿಗೆ ಅವನಿಗೆ ಏನೋ ಹೊಳೆದಂತಾಯಿತು. ಪೂರ್ತಿ ಅಲ್ಲ. ಒಳಗೆ ಇದ್ದದ್ದು ಇದ್ದೇ ಇರುತ್ತದೆ, ಕಾಣುವುದು ಮಾತ್ರ ಬೇರೆ ಅನ್ನುವಷ್ಟು. ಇಷ್ಟೇ ಏನು? ಇಷ್ಟಕ್ಕೆ ಇಡೀ ಬಳ್ಳಾರಿ ರಸ್ತೆ ನಕ್ಕಿತೇನು?

ಚಹಾದಂಗಡಿಯಿಂದ ಇಬ್ಬರನ್ನೂ ಕರೆಸಿದ. ಅವರ ಹಿಂದೆ ನಿನ್ನೆಯ ಗುಂಪೂ ಬಂತು. ದೊಡ್ಡಮಲ್ಲಪ್ಪನ ಟ್ರ್ಯಾಕ್ಟರು ಮತ್ತೆ ಹಲಗೆ ಹತ್ತಿತು. ಮೌನಿಕಾ ಬಿಡಿಸಿದಳು, ಮಡಿಸಿದಳು, ಬಿಡಿಸಿದಳು. ದೊಡ್ಡಮಲ್ಲಪ್ಪ ಸರಳಿಗೆ ಹಣೆ ಒತ್ತಿ ಒಂದೊಂದೇ ಅಂಕಿ ಓದಿದ. ತನ್ನ ಬೆರಳ ಮೇಲೆ ಕಳೆದು ನೋಡಿದ. ನಿನ್ನೆಯ ಚೀಟಿ ತೆಗೆದು ಹಿಡಿದ. ನಿನ್ನೆಯದೂ ಇವತ್ತಿನದೂ ಒಂದೇ.

“ಸರಿ ಐತಿ,” ಎಂದ. ಅವನ ದನಿಯಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಜಾಸ್ತಿ ಇತ್ತು. “ಹಂಗಾದ್ರ ನಿನ್ನೆ ಯಾಕ ಕಡಿಮೆ ಅಂತಿತ್ತು?”

ಮೌನಿಕಾ ಚಂದ್ರಶೇಖರಯ್ಯನ ಮುಖ ನೋಡಿದಳು. ಚಂದ್ರಶೇಖರಯ್ಯ ಹೊರಗೆ ನೋಡಿದ.

“ಹನುಮಂತು, ಬಾ. ಎಲ್ಲ ಸರಿ ಆತು. ಬಂದು ನಿನ್ನ ಕುರ್ಚಿ ಹಿಡಿ.”

ಹನುಮಂತು ಒಳಗೆ ಬಂದ. ಕೂರಲಿಲ್ಲ. ಪರದೆಯ ಮೇಲಿನ ಅಕ್ಷರ ನೋಡಿದ.

“ಬಿಡಿಸು. ಮಡಿಸು. ಚಲೋ ಅದಾವು,” ಎಂದ. ಆಮೇಲೆ ಧಣಿಯ ಕಡೆ ತಿರುಗಿದ. “ಅಯ್ನೋರ, ನಿನ್ನೆ ಇಷ್ಟು ಮಂದಿ ಮುಂದ ನನ್ನನ್ನ ಕೇಳಿದ್ರಿ, ಕಡಿಮೆ ಒತ್ತಿದ್ಯಾ ಅಂತ. ನಾನು ಒತ್ತಿದೆ ಅಂದೆ. ಈಗ ಗಾದಿಲಿಂಗಪ್ಪಣ್ಣಾರು ಇಲ್ಲೇ ಅದಾರ. ಆ ಮಾತು ಯಾರು ಬರಿಸಿದ್ದು ಅಂತ ಒಂದ್ ಸಲ ಹೇಳ್ರಿ. ಮತ್ತೇನೂ ಬ್ಯಾಡ ನನಗ.”

ಗಾದಿಲಿಂಗಪ್ಪ ಕಿವಿ ನಿಮಿರಿಸಿದ. ಹೇಳಬೇಕಾದದ್ದು ನಾಲ್ಕು ಶಬ್ದ. ನಾನೇ ಹೇಳಿ ಬರಿಸಿದ್ದೆ ಮಾರಾಯಾ. ಚಂದ್ರಶೇಖರಯ್ಯನ ಗಂಟಲಿನವರೆಗೂ ಬಂತು. ಆದರೆ ಅದರ ಹಿಂದೆಯೇ ಇನ್ನೊಂದು ಬಂತು: ಅಯ್ನೋರೇ ‘ಕಡಿಮೆ’ ಬರಿಸಿದ್ದಂತೆ, ಅಯ್ನೋರೇ ಅಂತೆ. ಚಹಾದಂಗಡಿ, ಪಂಕ್ಚರಿನ ಅಂಗಡಿ, ಅಲ್ಲಿಂದ ಬೆಳುಗುಪ್ಪ. ಅರ್ಧ ಕೇಳಿದವನು ಅರ್ಧವನ್ನೇ ಹೇಳುತ್ತಾನೆ. ಕಾಟಾದ ಹೆಸರು ಏನಾದೀತು? ಆಳಿನ ಹೆಸರು ಹೋದರೆ ಇನ್ನೊಬ್ಬ ಆಳು ಸಿಕ್ಕಾನು ಅಂತ ಅವನು ಯೋಚಿಸಲಿಲ್ಲ. ಯೋಚಿಸಲಿಲ್ಲ ಅಂತಲೇ ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ.

“ಕಂಪ್ಯೂಟರಿಂದು ತಪ್ಪು,” ಎಂದ ದೊಡ್ಡ ದನಿಯಲ್ಲಿ. “ಮಿಷಿನ್ ಅಂದ ಮ್ಯಾಲ ಇರ್ತೈತಿ. ಈಗ ರಿಪೇರಿ ಆತಲ್ಲ? ಎಲ್ಲಾರೂ ನಡ್ರಿ, ಕೆಲಸ ನೋಡ್ಕಳ್ರಿ.”

“ಕಂಪ್ಯೂಟರು ತಾನಾಗಿ ಏನೂ ಬರ್ಕೊಳ್ಳಲ್ಲ ಸಾರ್,” ಎಂದಳು ಮೌನಿಕಾ, ಮೆಲ್ಲಗೆ.

“ನೀ ಸುಮ್ಮನಿರವ್ವಾ!”

“ಹಂಗಾದ್ರ ಆಕೀದು ತಪ್ಪು ಅನ್ರಿ,” ಗಾದಿಲಿಂಗಪ್ಪ ನಕ್ಕ. “ತೆಲುಗು ಓದಿದ ಹುಡುಗಿ, ಕನ್ನಡ ಎಲ್ಲಿಂದ ಬರ್ಬೇಕು? ಹೋಗ್ಲಿ ಬಿಡು ಹನುಮಂತು. ಏನೋ ಅನುಮಾನ ಬಂತು, ಹೋತು.”

ಮೌನಿಕಾಳ ಮುಖ ಕೆಂಪಾಯಿತು. ಹನುಮಂತು ಧಣಿಯನ್ನೇ ನೋಡುತ್ತಿದ್ದ. ಚಂದ್ರಶೇಖರಯ್ಯ ಪರದೆಯ ಮೇಲೆ ಕೂತಿರದ ನೊಣವೊಂದನ್ನು ಓಡಿಸಿದ.

“ಆತ್ರಿ,” ಎಂದ ಹನುಮಂತು.

ಅವನು ಸೊಂಟದಿಂದ ಕೋಣೆಯ ಬೀಗದಕೈ ಬಿಚ್ಚಿ ಮೇಜಿನ ಮೇಲಿಟ್ಟ. ಕುರ್ಚಿಯ ಬೆನ್ನಿಗೆ ಹಾಸಿದ್ದ ತನ್ನ ಟವೆಲು ತೆಗೆದು ಎರಡು ಮಡಿಕೆ ಮಡಿಸಿ ಹೆಗಲಿಗೆ ಹಾಕಿಕೊಂಡ. ಹೊರಗೆ ಹೋಗಿ, ಕಿಟಕಿಯ ಮೇಲಿನ ಊಟದ ಡಬ್ಬಿ ಹಿಡಿದುಕೊಂಡ. ದೊಡ್ಡಮಲ್ಲಪ್ಪ, “ಏ ಹನುಮಂತು, ನಾನೇನೋ ಸಿಟ್ಟಿನಾಗ ಅಂದೆ,” ಅಂತ ಅವನ ತೋಳು ಮುಟ್ಟಿದ. ಹನುಮಂತು ತಲೆ ಆಡಿಸಿದ, ನಿಲ್ಲಲಿಲ್ಲ.

“ಚಾ ಕುಡ್ಯಾಕ ಹೊಂಟಾನ,” ಎಂದ ಚಂದ್ರಶೇಖರಯ್ಯ ಮೌನಿಕಾಳಿಗೆ. “ಬರ್ತಾನ. ಸ್ವಲ್ಪ ಮುನಿಸು ಐತಿ ಅವನಿಗೆ.”

ಮೌನಿಕಾ ‘ಮಡಿಸು’ ಒತ್ತಿ, ಚೀಲದ ಜಿಪ್ಪು ಎಳೆದು ಎದ್ದಳು.

ಕಿಟಕಿಯಿಂದ ರಸ್ತೆ ಕಾಣುತ್ತಿತ್ತು. ಹನುಮಂತು ಚಹಾದಂಗಡಿಯ ಮುಂದೆ ಹೋದ. ಅಂಗಡಿಯವನು ಏನೋ ಕೇಳಿದ. ಹನುಮಂತು ಕೈಯೆತ್ತಿ ಬೇಡ ಅಂದ. ಪಂಕ್ಚರಿನ ಅಂಗಡಿ ದಾಟಿದ. ಡಿ. ಹಿರೇಹಾಳಿನ ಕಡೆಗೆ ಹೋಗುವ ಆಟೋ ಒಂದು ನಿಂತಿತು, ಮತ್ತೆ ಹೊರಟಿತು. ಆ ಧೂಳಿನಲ್ಲಿ ಅವನು ಹತ್ತಿದನೋ, ನಡೆದೇ ಹೋದನೋ ಚಂದ್ರಶೇಖರಯ್ಯನಿಗೆ ಸರಿಯಾಗಿ ಕಾಣಲಿಲ್ಲ.

ಹಲಗೆಯ ಮೇಲೆ ಇನ್ನೊಂದು ಲಾರಿ ಹತ್ತಿ ಹಾರನ್ ಹೊಡೆಯಿತು. ಚೌಕ ಎದ್ದು ಬಂತು, ಚಿಕ್ಕದಾಗಿ. ಚಂದ್ರಶೇಖರಯ್ಯ ಕುರ್ಚಿಯಲ್ಲಿ ಕೂರದೆ, ಬಗ್ಗಿ ನಿಂತೇ ‘ಬಿಡಿಸು’ ಒತ್ತಿದ. ಎಲ್ಲ ಬಿಚ್ಚಿಕೊಂಡಿತು. ಮಾಲು, ಗಾಡಿ, ಡ್ರೈವರ್. ಎಲ್ಲದರ ಕೆಳಗೆ ‘ತೂಗಿದವರು: ಹನುಮಂತು’ ಅಂತ ಇತ್ತು. ಅದನ್ನು ಬದಲಾಯಿಸುವುದು ಹೇಗೆ ಅಂತ ಕೇಳಲು ತಿರುಗಿದ. ಮೌನಿಕಾ ಬಸ್ಸಿಗೆ ಹೋಗಿ ಆಗಿತ್ತು.

ಬದಲಾಯಿಸುವುದು ಬೇಡ, ನಾಳೆ ಬರುತ್ತಾನೆ ಅಂದುಕೊಂಡು ಚೀಟಿ ಹೊಡೆದ. ಆ ಕುರ್ಚಿಯಲ್ಲಿ ಆಮೇಲೆ ಬೇರೆಯವರು ಕೂತರು. ಹನುಮಂತು ಬರಲಿಲ್ಲ.